ಖ್ಮೇರ್ ನಾಡಿನಲ್ಲಿ ಇಂಗ್ಲಿಷ್: ಮುಚ್ಚಿಟ್ಟ ವಿದ್ಯೆ ಅನ್ನದ ಭಾಷೆಯಾದ ಬಗೆ

ಕಾಂಬೋಡಿಯಾವನ್ನು ಇಂಗ್ಲಿಷರು ಎಂದೂ ಆಳಲಿಲ್ಲ. 1863ರಿಂದ 1953ರವರೆಗೆ ಅಲ್ಲಿದ್ದುದು ಫ್ರೆಂಚರ ಅಧಿಪತ್ಯ. ಆದರೂ ಇಂದು ಅಲ್ಲಿನ ಯುವಜನರು ಉದ್ಯೋಗಕ್ಕಾಗಿ, ಉನ್ನತ ಶಿಕ್ಷಣಕ್ಕಾಗಿ ಮೊದಲು ಅರಸುವ ಪರಭಾಷೆ ಇಂಗ್ಲಿಷ್. ಪರಭಾಷೆ ಬಲ್ಲೆನೆಂದು ಹೇಳಿಕೊಳ್ಳುವುದೇ ಒಂದು ಕಾಲದಲ್ಲಿ ಪ್ರಾಣಾಪಾಯಕ್ಕೆ ದಾರಿಯಾಗಿದ್ದ ದೇಶದಲ್ಲಿ ಈ ಬದಲಾವಣೆ ಒಂದೇ ತಲೆಮಾರಿನ ಅವಧಿಯಲ್ಲಿ ನಡೆದುಹೋಯಿತು. ಇಂಗ್ಲಿಷ್ ಅಲ್ಲಿಗೆ ಬಂದುದು ಆಳುವವರ ಭಾಷೆಯಾಗಿ ಅಲ್ಲ. ನಿರಾಶ್ರಿತರ ಶಿಬಿರ, ವಿಶ್ವಸಂಸ್ಥೆ, ಪ್ರವಾಸೋದ್ಯಮ ಮತ್ತು ಮಾರುಕಟ್ಟೆಗಳ ಮೂಲಕ. ಹಾಗಾಗಿಯೇ ಅದು ಬಹುಮಟ್ಟಿಗೆ ಹಣ ತೆತ್ತು ಕಲಿಯುವ ವಿದ್ಯೆಯಾಗಿ ಬೆಳೆಯಿತು. ಹಣವಿಲ್ಲದವರ ಮಕ್ಕಳಿಗೂ ಅದನ್ನು ಮುಟ್ಟಿಸುವುದು ಹೇಗೆ ಎಂಬುದು ಅಲ್ಲಿನ ಶಿಕ್ಷಣ ವ್ಯವಸ್ಥೆಯ ಮುಂದಿರುವ ದೊಡ್ಡ ಪ್ರಶ್ನೆ.

ಭಾಷೆ ಮತ್ತು ಲಿಪಿ

ಖ್ಮೇರ್ ಕಾಂಬೋಡಿಯಾದ ಬಹುಸಂಖ್ಯಾತರ ಮಾತೃಭಾಷೆ. 1993ರ ಸಂವಿಧಾನದ ಪ್ರಕಾರ ಆ ದೇಶದ ಅಧಿಕೃತ ಭಾಷೆಯೂ ಲಿಪಿಯೂ ಖ್ಮೇರ್ ಒಂದೇ. ವಿಯೆಟ್ನಾಂನ ಮೆಕಾಂಗ್ ಮುಖಜ ಪ್ರದೇಶದಲ್ಲಿ, ಥಾಯ್ಲೆಂಡಿನ ಸುರಿನ್, ಬುರಿರಾಮ್, ಸಿಸಾಕೆಟ್ ಪ್ರಾಂತ್ಯಗಳಲ್ಲಿ ಕೂಡ ಖ್ಮೇರ್ ಭಾಷಿಕರಿದ್ದಾರೆ. ಇದು ಆಸ್ಟ್ರೋ-ಏಷ್ಯಾಟಿಕ್ ಕುಟುಂಬಕ್ಕೆ ಸೇರಿದ ಭಾಷೆ. ನೆರೆಯ ಥಾಯ್, ವಿಯೆಟ್ನಾಮಿ ಭಾಷೆಗಳಂತೆ ಇದರಲ್ಲಿ ಸ್ವರದ ಏರಿಳಿತದಿಂದ ಪದದ ಅರ್ಥ ಬದಲಾಗುವುದಿಲ್ಲ.

ಖ್ಮೇರ್ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬೆಳೆದುದು. ಬ್ರಾಹ್ಮಿಯೇ ಮೂಲವಾದ್ದರಿಂದ ಕನ್ನಡ ಲಿಪಿಗೆ ಅದು ದೂರದ ದಾಯಾದಿ. ಕನ್ನಡದ ಒತ್ತಕ್ಷರಗಳಂತೆಯೇ ಅಲ್ಲಿಯೂ ಎರಡನೆಯ ವ್ಯಂಜನ ಮೊದಲನೆಯದರ ಕೆಳಗೆ ಕುಳಿತುಕೊಳ್ಳುತ್ತದೆ. ದಿನಾಂಕವಿರುವ ಅತ್ಯಂತ ಹಳೆಯ ಖ್ಮೇರ್ ಶಾಸನ ಕ್ರಿ.ಶ. 611ರದು. ಸಂಸ್ಕೃತ ಮತ್ತು ಪಾಳಿಯಿಂದ ಬಂದ ಪದಗಳು ವಿದ್ಯೆಯ ವಲಯದಲ್ಲಿ ವಿಶೇಷವಾಗಿ ನೆಲೆಸಿವೆ. ಗುರು ಅಲ್ಲಿ 'ಕ್ರೂ', ಶಾಲೆ 'ಸಾಲಾ', ಭಾಷೆ 'ಫಿಯಾಸಾ'. ಇಂಗ್ಲಿಷ್ ಭಾಷೆಗೆ ಖ್ಮೇರ್‌ನಲ್ಲಿ 'ಫಿಯಾಸಾ ಆಂಗ್‌ಕ್ಲೇಹ್' ಎಂದು ಹೆಸರು.

ಫ್ರೆಂಚರ ಕಾಲ ಮತ್ತು ಆನಂತರ

ಫ್ರೆಂಚ್ ಆಡಳಿತದಲ್ಲಿ ಕಚೇರಿ, ನ್ಯಾಯಾಲಯ, ಉನ್ನತ ವಿದ್ಯಾಭ್ಯಾಸಗಳೆಲ್ಲ ಫ್ರೆಂಚಿನಲ್ಲೇ ನಡೆಯುತ್ತಿದ್ದವು. ಸ್ವಾತಂತ್ರ್ಯಾನಂತರವೂ ಆ ಪ್ರಾಬಲ್ಯ ಥಟ್ಟನೆ ಕುಗ್ಗಲಿಲ್ಲ. ಪಂಡಿತ ಬೌದ್ಧ ಭಿಕ್ಷು ಚುವೊನ್ ನಾಥ್ ಅವರ ಖ್ಮೇರ್ ನಿಘಂಟು 1938ರಲ್ಲಿ ಮೊದಲ ಸಂಪುಟವಾಗಿ, 1943ರಲ್ಲಿ ಎರಡನೆಯದಾಗಿ ಹೊರಬಂದು ಭಾಷೆಗೆ ಗಟ್ಟಿ ನೆಲೆ ಒದಗಿಸಿತ್ತು. ಕೆಂಗ್ ವಾನ್ಸಾಕ್ ಮೊದಲಾದವರ ಪ್ರಯತ್ನದಿಂದ 1967ರಲ್ಲಿ ಪ್ರೌಢಶಿಕ್ಷಣವನ್ನು ಹಂತಹಂತವಾಗಿ ಖ್ಮೇರ್ ಮಾಧ್ಯಮಕ್ಕೆ ತರುವ ಕಾರ್ಯ ಆರಂಭವಾಯಿತು. ಇಂಗ್ಲಿಷ್ ಆಗ ಫ್ರೆಂಚಿನ ಹಿಂದೆ ನಿಂತ ಇನ್ನೊಂದು ವಿದೇಶಿ ಭಾಷೆಯಷ್ಟೇ. 1970ರಿಂದ 1975ರವರೆಗೆ ಅಮೆರಿಕದ ನೆರವಿನಿಂದ ನಿಂತಿದ್ದ ಖ್ಮೇರ್ ಗಣರಾಜ್ಯದ ಕಾಲದಲ್ಲಿ ಅದಕ್ಕೆ ತುಸು ಬೇಡಿಕೆ ಬಂದಿತು.

ಬಲ್ಲವರು ಬಾಯಿ ಬಿಡದ ವರ್ಷಗಳು

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆ ರಾಜಧಾನಿ ಫ್ನೋಮ್ ಪೆನ್ ನಗರವನ್ನು ವಶಪಡಿಸಿಕೊಂಡಿತು. ನಗರಗಳು ಬರಿದಾದವು, ಶಾಲೆಗಳು ಮುಚ್ಚಿದವು. 1979ರ ಜನವರಿ 7ರವರೆಗಿನ ಆ ಆಳ್ವಿಕೆಯಲ್ಲಿ 15ರಿಂದ 20 ಲಕ್ಷ ಜನ ಹತ್ಯೆ, ಹಸಿವು, ರೋಗಗಳಿಗೆ ಬಲಿಯಾದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ವಿದ್ಯಾವಂತರ ಮೇಲೆ ವಿಶೇಷ ಸಂಶಯವಿತ್ತು. ಶಿಕ್ಷಕರಲ್ಲಿ ಬಹುಪಾಲು ಮಂದಿ ಸತ್ತರು, ಇಲ್ಲವೇ ದೇಶ ಬಿಟ್ಟರು.

'ನ್ಯೂಯಾರ್ಕ್ ಟೈಮ್ಸ್' ವರದಿಗಾರ ಸಿಡ್ನಿ ಶಾನ್‌ಬರ್ಗ್ ಅವರ ಸಹಾಯಕರಾಗಿದ್ದ ಡಿತ್ ಪ್ರಾನ್ ಶಾಲೆಯಲ್ಲಿ ಫ್ರೆಂಚ್ ಓದಿ, ಇಂಗ್ಲಿಷನ್ನು ಸ್ವಂತ ಪ್ರಯತ್ನದಿಂದ ಕಲಿತವರು. ಬದುಕುಳಿಯಲು ಅವರು ತಮ್ಮ ವಿದ್ಯೆಯನ್ನೆಲ್ಲ ಮುಚ್ಚಿಟ್ಟು, ಟ್ಯಾಕ್ಸಿ ಚಾಲಕನೆಂದು ಹೇಳಿಕೊಂಡರು; 1979ರಲ್ಲಿ ಥಾಯ್ಲೆಂಡಿಗೆ ತಪ್ಪಿಸಿಕೊಂಡರು. ಅವರ ಕಥೆಯನ್ನು ಹೇಳುವ 'ದಿ ಕಿಲ್ಲಿಂಗ್ ಫೀಲ್ಡ್ಸ್' ಚಿತ್ರ 1984ರಲ್ಲಿ ತೆರೆಕಂಡಿತು. ಅದರಲ್ಲಿ ಪ್ರಾನ್ ಪಾತ್ರ ವಹಿಸಿ ಆಸ್ಕರ್ ಪಡೆದ ಹೈಂಗ್ ಎಸ್. ನ್ಗೋರ್ ಕೂಡ ತಾವು ವೈದ್ಯರೆಂಬುದನ್ನು ಅಡಗಿಸಿ ಬದುಕುಳಿದವರೇ.

1979ರ ನಂತರ ವಿಯೆಟ್ನಾಂ ಬೆಂಬಲಿತ ಸರ್ಕಾರ ಶಾಲೆಗಳನ್ನು ಮತ್ತೆ ತೆರೆಯಿತು. ಆದರೆ ಕಲಿಸಬೇಕಾದ ವಿದೇಶಿ ಭಾಷೆಗಳು ವಿಯೆಟ್ನಾಮಿ ಮತ್ತು ರಷ್ಯನ್ ಎಂದಾಯಿತು. ಇಂಗ್ಲಿಷ್, ಫ್ರೆಂಚ್ ಎರಡೂ ಶತ್ರುಪಕ್ಷದ ಭಾಷೆಗಳೆನಿಸಿದವು. ಖಾಸಗಿಯಾಗಿ ಕಲಿಯುವುದಕ್ಕೂ ಅನುಮತಿ ಇರಲಿಲ್ಲವಾದ್ದರಿಂದ ಆಸಕ್ತರು ಮನೆಗಳೊಳಗೆ ಗುಟ್ಟಾಗಿ ಪಾಠ ಹೇಳಿಸಿಕೊಳ್ಳುತ್ತಿದ್ದರು.

ಅದೇ ವೇಳೆ ಥಾಯ್ ಗಡಿಯ ಖಾವೊ ಐ ಡಾಂಗ್, ಸೈಟ್ ಟು ಮುಂತಾದ ನಿರಾಶ್ರಿತರ ಶಿಬಿರಗಳಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಅಲ್ಲಿ ಇಂಗ್ಲಿಷ್ ಎಂದರೆ ಪುನರ್ವಸತಿಯ ಆಸೆ, ನೆರವು ಸಂಸ್ಥೆಯಲ್ಲೊಂದು ಕೆಲಸ. ಅಮೆರಿಕಕ್ಕೆ ಹೊರಟವರಿಗೆ ಥಾಯ್ಲೆಂಡಿನ ಫನತ್ ನಿಖೋಮ್ ಹಾಗೂ ಫಿಲಿಪೀನ್ಸಿನ ಬಟಾನ್ ಕೇಂದ್ರಗಳಲ್ಲಿ ಭಾಷೆಯನ್ನೂ ಆ ದೇಶದ ನಡೆನುಡಿಯನ್ನೂ ಕಲಿಸಿ ಕಳುಹಿಸಲಾಗುತ್ತಿತ್ತು.

1992ರ ತಿರುವು

1989ರಲ್ಲಿ ವಿಯೆಟ್ನಾಂ ಸೇನೆ ಹಿಂದೆ ಸರಿಯಿತು. 1991ರ ಅಕ್ಟೋಬರ್ 23ರಂದು ಪ್ಯಾರಿಸ್ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಅದರನ್ವಯ 1992ರಲ್ಲಿ ವಿಶ್ವಸಂಸ್ಥೆಯ ಮಧ್ಯಂತರ ಆಡಳಿತ ಬಂದಿತು. ಸುಮಾರು 22 ಸಾವಿರ ಸೈನಿಕರು, ಪೊಲೀಸರು ಹಾಗೂ ನಾಗರಿಕ ಅಧಿಕಾರಿಗಳು ಬಂದಿಳಿದರು. ಅವರಿಗೆ ದುಭಾಷಿಗಳು, ಚಾಲಕರು, ಗುಮಾಸ್ತರು ಬೇಕಾಗಿದ್ದರು. ಗುಟ್ಟಾಗಿ ಕಲಿತ, ಶಿಬಿರದಲ್ಲಿ ಕಲಿತ ಇಂಗ್ಲಿಷಿಗೆ ಒಮ್ಮೆಲೇ ಡಾಲರಿನ ಬೆಲೆ ಬಂದಿತು.

ಫ್ನೋಮ್ ಪೆನ್‌ನಲ್ಲಿ ಅರಮನೆಯ ಹಿಂಬದಿಯ 184ನೇ ರಸ್ತೆ ಖಾಸಗಿ ಪಾಠಶಾಲೆಗಳಿಂದ ತುಂಬಿ 'ಇಂಗ್ಲಿಷ್ ಬೀದಿ' ಎಂದೇ ಹೆಸರಾಯಿತು. ಆಸ್ಟ್ರೇಲಿಯನ್ ಸೆಂಟರ್ ಫಾರ್ ಎಜುಕೇಷನ್ 1992ರಲ್ಲಿ ಕಾರ್ಯಾರಂಭ ಮಾಡಿತು. ಅದೇ ವರ್ಷ 'ಫ್ನೋಮ್ ಪೆನ್ ಪೋಸ್ಟ್', ಮರುವರ್ಷ 'ಕಾಂಬೋಡಿಯಾ ಡೈಲಿ' ಎಂಬ ಇಂಗ್ಲಿಷ್ ಪತ್ರಿಕೆಗಳು ಹುಟ್ಟಿದವು. ಕೆಲವು ಪುಟಗಳನ್ನು ಖ್ಮೇರ್‌ನಲ್ಲಿಯೂ ನೀಡುತ್ತಿದ್ದ 'ಕಾಂಬೋಡಿಯಾ ಡೈಲಿ' ಭಾರಿ ತೆರಿಗೆ ಬೇಡಿಕೆಯ ನಂತರ 2017ರ ಸೆಪ್ಟೆಂಬರ್ 4ರಂದು ಮುಚ್ಚಿತು.

ಫ್ರಾನ್ಸ್ ಕೂಡ ಸುಮ್ಮನಿರಲಿಲ್ಲ. ನೆರವಿನೊಡನೆ ಫ್ರೆಂಚ್ ಮಾಧ್ಯಮವನ್ನೂ ಮರಳಿ ತರಲು ಅದು ಯತ್ನಿಸಿತು. 1995ರಲ್ಲಿ ಕಾಂಬೋಡಿಯಾ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿಗಳು ಬೀದಿಗಿಳಿದು, ಫ್ರೆಂಚಿನ ಬದಲು ಇಂಗ್ಲಿಷ್ ಬೇಕೆಂದು ಒತ್ತಾಯಿಸಿದರು. ಅವರ ವಾದ ಸರಳವಾಗಿತ್ತು: ಓದು ಮುಗಿಸಿದ ಮೇಲೆ ಕೆಲಸ ಸಿಗುವುದು ಯಾವ ಭಾಷೆಯಲ್ಲಿ? 1999ರ ಏಪ್ರಿಲ್ 30ರಂದು ಕಾಂಬೋಡಿಯಾ ಆಸಿಯಾನ್ ಒಕ್ಕೂಟದ ಸದಸ್ಯನಾದಾಗ ಈ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ದೊರೆಯಿತು. ಆ ಒಕ್ಕೂಟದ ವ್ಯವಹಾರ ಭಾಷೆ ಇಂಗ್ಲಿಷ್ ಮಾತ್ರ.

ಶಾಲೆಯೊಳಗೆ, ಶಾಲೆಯ ಹೊರಗೆ

ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಅಥವಾ ಫ್ರೆಂಚ್ ಕಲಿಯುವ ವ್ಯವಸ್ಥೆ 1989ರ ನಂತರ ಬಂದಿತು. ಬಹುಕಾಲ 7ನೇ ತರಗತಿಯಿಂದ ಆರಂಭವಾಗುತ್ತಿದ್ದ ಕಲಿಕೆಯನ್ನು 2010ರ ದಶಕದಲ್ಲಿ ಹಂತಹಂತವಾಗಿ 4ನೇ ತರಗತಿಗೆ ಇಳಿಸಲಾಯಿತು. 'ಇಂಗ್ಲಿಷ್ ಫಾರ್ ಕಾಂಬೋಡಿಯಾ' ಎಂಬ ಪಠ್ಯಮಾಲೆ ಅನೇಕ ವರ್ಷ ಬಳಕೆಯಲ್ಲಿತ್ತು. ಶಿಕ್ಷಕರ ತರಬೇತಿಯಲ್ಲಿ ಫ್ನೋಮ್ ಪೆನ್ ರಾಯಲ್ ವಿಶ್ವವಿದ್ಯಾಲಯದ ವಿದೇಶಿ ಭಾಷಾ ಸಂಸ್ಥೆಯ ಪಾತ್ರ ಹಿರಿದು. 2005ರಲ್ಲಿ ಆರಂಭವಾದ 'ಕ್ಯಾಮ್‌ಟೆಸಾಲ್' ಸಮ್ಮೇಳನ ಇಂಗ್ಲಿಷ್ ಬೋಧಕರ ಪ್ರಮುಖ ವೇದಿಕೆಯಾಗಿ ಬೆಳೆದಿದೆ.

ಆದರೆ ಪಠ್ಯಕ್ರಮದಲ್ಲಿ ಸ್ಥಾನ ದೊರೆತ ಮಾತ್ರಕ್ಕೆ ಕಲಿಕೆ ಕೈಗೂಡುವುದಿಲ್ಲ. ಕೊಠಡಿ ಮತ್ತು ಶಿಕ್ಷಕರ ಕೊರತೆಯಿಂದ ಅನೇಕ ಸರ್ಕಾರಿ ಶಾಲೆಗಳು ಬೆಳಗ್ಗೆ ಒಂದು ತಂಡಕ್ಕೆ, ಮಧ್ಯಾಹ್ನ ಇನ್ನೊಂದು ತಂಡಕ್ಕೆ ಎಂಬಂತೆ ನಡೆಯುತ್ತವೆ. ಉಳಿದ ಅರ್ಧ ದಿನದಲ್ಲಿ, ಇಲ್ಲವೇ ಸಂಜೆ, ಅನುಕೂಲಸ್ಥ ಮನೆಗಳ ಮಕ್ಕಳು ಖಾಸಗಿ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಕಡಿಮೆ ಸಂಬಳದ ಶಿಕ್ಷಕರು ಹಣ ಪಡೆದು ಹೇಳುವ ಹೆಚ್ಚುವರಿ ಪಾಠಕ್ಕೆ 'ರಿಯೆನ್ ಕುವ' ಎಂದು ಹೆಸರು. ಕನ್ನಡಿಗರು 'ಟ್ಯೂಷನ್' ಎನ್ನುವುದು ಇದನ್ನೇ. ಗದ್ದೆಯಲ್ಲಿ ದುಡಿಯುವವರ, ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳಿಗೆ ಈ ಎರಡನೆಯ ಶಾಲೆ ಸುಲಭವಾಗಿ ಎಟಕುವುದಿಲ್ಲ. ಹಳ್ಳಿಗಳಲ್ಲಿ ತರಬೇತಾದ ಇಂಗ್ಲಿಷ್ ಶಿಕ್ಷಕರೂ ವಿರಳ. ಇಂಗ್ಲಿಷ್ ಕೇಳುವ ಉದ್ಯೋಗ ಮತ್ತು ವಿದ್ಯಾರ್ಥಿವೇತನಗಳ ಸ್ಪರ್ಧೆಯಲ್ಲಿ ಹಿಂದೆ ಬೀಳುವವರು ಈ ಮಕ್ಕಳೇ.

ನಾಲಿಗೆಯ ತೊಡಕು, ವ್ಯಾಕರಣದ ಅನುಕೂಲ

ಖ್ಮೇರ್ ವಾಕ್ಯದ ಕ್ರಮ ಕರ್ತೃ, ಕ್ರಿಯೆ, ಕರ್ಮ. ಇದು ಇಂಗ್ಲಿಷಿನ ಕ್ರಮವೇ ಆದುದರಿಂದ, ಕ್ರಿಯಾಪದವನ್ನು ಕೊನೆಗಿಡುವ ಕನ್ನಡಿಗರಿಗಿಂತ ಖ್ಮೇರ್ ಭಾಷಿಕರಿಗೆ ಆರಂಭ ಸುಲಭ. ಪದದ ಮೊದಲಿನ ಸಂಯುಕ್ತ ವ್ಯಂಜನಗಳೂ ಅವರಿಗೆ ಹೊಸದಲ್ಲ. 'ಸ್ಕೂಲ್' ಎಂಬುದು 'ಇಸ್ಕೂಲು' ಆಗಬೇಕಿಲ್ಲ.

ತೊಡಕಿರುವುದು ಪದದ ಕೊನೆಯಲ್ಲಿ. ಖ್ಮೇರ್‌ನಲ್ಲಿ ಪದಾಂತ್ಯದ ವ್ಯಂಜನವನ್ನು ಬಾಯಲ್ಲೇ ತಡೆದು ನಿಲ್ಲಿಸುತ್ತಾರೆ. ಅಲ್ಲಿ ಎರಡು ವ್ಯಂಜನಗಳು ಒಟ್ಟಿಗೆ ಬರುವುದಿಲ್ಲ. ಹೀಗಾಗಿ ಹೊಸದಾಗಿ ಕಲಿಯುವವರ ಬಾಯಲ್ಲಿ 'ಲೈಕ್', 'ಲೈಟ್', 'ಲೈಫ್' ಮೂರೂ ಹೆಚ್ಚುಕಡಿಮೆ 'ಲೈ' ಎಂದು ಕೇಳಿಸಬಹುದು. ಇದೇ ಬಗೆಯ ತೊಡಕಿಗೆ ಕನ್ನಡಿಗರು ಸ್ವರ ಸೇರಿಸಿ 'ಬಸ್ಸು', 'ಕಾರು' ಎಂದರೆ, ಖ್ಮೇರ್ ಭಾಷಿಕರು ಕೊನೆಯ ಧ್ವನಿಯನ್ನೇ ಬಿಡುತ್ತಾರೆ. ಬರಹದಲ್ಲಿ ಪದಾಂತ್ಯದಲ್ಲಿರುವ 'ಸ' ಖ್ಮೇರ್ ಉಚ್ಚಾರದಲ್ಲಿ 'ಹ' ಆಗುತ್ತದೆ. 'ಆಂಗ್‌ಕ್ಲೇಹ್' ಎಂಬ ಹೆಸರೇ ಇದಕ್ಕೆ ಉದಾಹರಣೆ. ಇಂಗ್ಲಿಷಿನಲ್ಲಿ ಬಹುವಚನ ಮತ್ತು ಭೂತಕಾಲದ ಗುರುತುಗಳು ಪದದ ಕೊನೆಯಲ್ಲೇ ಇರುವುದರಿಂದ ಉಚ್ಚಾರದ ತೊಡಕು ವ್ಯಾಕರಣದ ತಪ್ಪಾಗಿಯೂ ಕಾಣಿಸಿಕೊಳ್ಳುತ್ತದೆ. 'ಫ' ಧ್ವನಿ ಮೂಲತಃ ಖ್ಮೇರ್‌ನದಲ್ಲ. ಫ್ರೆಂಚಿನಿಂದ ಬಂದ 'ಕಾಫಿ' ಪದ ಬರೆಯಲು 'ಹ'ಕ್ಕೆ 'ವ' ಒತ್ತು ಕೊಡುತ್ತಾರೆ.

ಖ್ಮೇರ್ ಕ್ರಿಯಾಪದಗಳು ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಕೆಲಸ ಮುಗಿದುದನ್ನು 'ಹಾಯ್' ಎಂಬ ಬಿಡಿಪದ ಸೂಚಿಸುತ್ತದೆ. 'ಊಟ ಆಯಿತೇ?' ಎಂದು ಕುಶಲ ವಿಚಾರಿಸುವ ರೂಢಿ ಅಲ್ಲಿಯೂ ಇದೆ. ಅದಕ್ಕೆ ಉತ್ತರವಾಗಿ ಕಲಿಕೆಯ ಮೊದಲ ಹಂತದವರು 'ಐ ಈಟ್ ಆಲ್ರೆಡಿ' ಎನ್ನುವುದು ತಮ್ಮ ಭಾಷೆಯ ಜಾಡಿನಲ್ಲೇ. 'ನೀವು ಹೋಗಲಿಲ್ಲವೇ?' ಎಂದರೆ ಕನ್ನಡಿಗರಂತೆಯೇ 'ಹೌದು, ಹೋಗಲಿಲ್ಲ' ಎಂದು ಒಪ್ಪುವುದು ಖ್ಮೇರ್ ಕ್ರಮ. ಇಂಗ್ಲಿಷಿನಲ್ಲಿ ಅಲ್ಲಿ 'ನೋ' ಬರಬೇಕು. ಬರಹದಲ್ಲಿ ಪದಗಳ ನಡುವೆ ತೆರಪು ಬಿಡುವ ಪದ್ಧತಿ ಖ್ಮೇರ್‌ನಲ್ಲಿ ಇಲ್ಲದಿರುವುದೂ ಆರಂಭಿಕರಿಗೆ ಒಂದು ಹೊಸ ಪಾಠ. ಗುರುಗಳನ್ನು ಹೆಸರಿಡಿದು ಕರೆಯದೆ 'ಲೋಕ್ ಕ್ರೂ', ಶಿಕ್ಷಕಿಯನ್ನು 'ನೆಯಕ್ ಕ್ರೂ' ಎನ್ನುವುದು ವಾಡಿಕೆ. ಇಂಗ್ಲಿಷ್ ತರಗತಿಯಲ್ಲಿ ಅದೇ ಗೌರವ 'ಟೀಚರ್' ಎಂಬ ಸಂಬೋಧನೆಯಾಗುತ್ತದೆ.

ಬಳಕೆಯ ನೆಲೆಗಳು

ಅಂಗ್ಕೋರ್ ದೇವಾಲಯಗಳ ಊರಾದ ಸಿಯಾಮ್ ರೀಪ್‌ನಲ್ಲಿ ಇಂಗ್ಲಿಷ್ ನೇರವಾಗಿ ಅನ್ನದ ಭಾಷೆ. 2019ರಲ್ಲಿ ಸುಮಾರು 66 ಲಕ್ಷ ವಿದೇಶಿಯರು ಕಾಂಬೋಡಿಯಾಕ್ಕೆ ಬಂದಿದ್ದರು. ಕೋವಿಡ್ ಪಿಡುಗಿನ 2021ರಲ್ಲಿ ಆ ಸಂಖ್ಯೆ 2 ಲಕ್ಷಕ್ಕೂ ಕೆಳಗಿಳಿದಾಗ ಭಾಷೆಯನ್ನೇ ನೆಚ್ಚಿದ್ದ ಮಾರ್ಗದರ್ಶಿಗಳು ಕೆಲಸವಿಲ್ಲದೆ ಕುಳಿತರು.

ಖ್ಮೇರ್ ರೂಜ್ ನಾಯಕರ ವಿಚಾರಣೆಗಾಗಿ 2006ರಲ್ಲಿ ಕೆಲಸ ಆರಂಭಿಸಿದ ವಿಶೇಷ ನ್ಯಾಯಾಲಯ ಖ್ಮೇರ್, ಇಂಗ್ಲಿಷ್, ಫ್ರೆಂಚ್ ಮೂರೂ ಭಾಷೆಗಳಲ್ಲಿ ನಡೆಯಿತು. 2022ರ ಸೆಪ್ಟೆಂಬರ್ 22ರಂದು ಅದರ ಕೊನೆಯ ಮೇಲ್ಮನವಿ ತೀರ್ಪು ಹೊರಬಿತ್ತು. ಸಾಕ್ಷಿಗಳು ಖ್ಮೇರ್‌ನಲ್ಲಿ ನುಡಿದುದನ್ನು ದುಭಾಷಿಗಳು ಆಗಿಂದಾಗಲೇ ಹೊರಜಗತ್ತಿನ ಭಾಷೆಗಳಿಗೆ ತಂದರು. ಪರಭಾಷೆ ಬಲ್ಲವರನ್ನು ಸಂಶಯಿಸಿದ ಆಳ್ವಿಕೆಯ ವಿಚಾರಣೆ ಪರಭಾಷೆ ಬಲ್ಲ ಖ್ಮೇರರ ನೆರವಿಲ್ಲದೆ ನಡೆಯುವಂತಿರಲಿಲ್ಲ.

ಅಮೆರಿಕದ ಲಾಂಗ್ ಬೀಚ್, ಲೋವೆಲ್ ನಗರಗಳಲ್ಲಿ ನೆಲೆಸಿದ ಖ್ಮೇರ್ ಕುಟುಂಬಗಳಲ್ಲಿ ಸಮಸ್ಯೆ ತಿರುವುಮುರುವು. ಅಲ್ಲಿ ಮಕ್ಕಳಿಗೆ ಇಂಗ್ಲಿಷ್ ತಾನಾಗಿ ಬರುತ್ತದೆ, ಅಜ್ಜಿಯೊಡನೆ ಮಾತನಾಡಲು ಖ್ಮೇರನ್ನು ಕಲಿಸಬೇಕಾಗುತ್ತದೆ.

ಮುಂದಿನ ದಾರಿ

ಚೀನಾದ ಹೂಡಿಕೆ ಹೆಚ್ಚಿದಂತೆ ಚೀನಿ ಭಾಷೆಯ ಕಲಿಕೆಯೂ ಹೆಚ್ಚಿದೆ. ಆದರೂ ಇಂಗ್ಲಿಷಿನ ಸ್ಥಾನ ಸದ್ಯಕ್ಕೆ ಅಲುಗಿಲ್ಲ. ಸರ್ಕಾರಿ ಶಾಲೆಗಳಲ್ಲಿ ಬೋಧನಾ ಮಾಧ್ಯಮ ಖ್ಮೇರ್ ಆಗಿಯೇ ಉಳಿದಿರುವುದು ಗಮನಾರ್ಹ. ಇಂಗ್ಲಿಷ್ ಮಾಧ್ಯಮಕ್ಕೆ ಒಲಿದಿರುವುದು ನಗರಗಳ ಖಾಸಗಿ ಶಾಲೆಗಳು. ಒಂದೇ ಪೀಳಿಗೆಯಲ್ಲಿ ತನ್ನ ಶಿಕ್ಷಕರನ್ನು ಕಳೆದುಕೊಂಡು ಮತ್ತೆ ಮೊದಲಿನಿಂದ ಕಟ್ಟಿದ ವ್ಯವಸ್ಥೆಗೆ ಇದು ಸಣ್ಣ ಹೊರೆಯಲ್ಲ. ಹಳ್ಳಿಯ ಶಾಲೆಗೆ ತರಬೇತಾದ ಒಬ್ಬ ಇಂಗ್ಲಿಷ್ ಶಿಕ್ಷಕರನ್ನು ಕಳುಹಿಸಿ, ಅವರು ಅಲ್ಲಿಯೇ ಉಳಿಯುವಷ್ಟು ಸಂಬಳ ಕೊಡುವುದು ಸಾಧ್ಯವಾದರೆ ಮಾತ್ರ 4ನೇ ತರಗತಿಯ ಪಠ್ಯಪುಸ್ತಕ ಎಲ್ಲ ಮಕ್ಕಳಿಗೂ ಒಂದೇ ಅರ್ಥ ಕೊಡಬಲ್ಲದು.