ನಾಳೆ ಬಾ, ಹನಾಕೊ

1/6
ಸ್ಪಾಯ್ಲರ್ ಇದೆ, ಮೊದಲೇ ಹೇಳಿಬಿಡ್ತೀನಿ. ‘ಜಿಬಾಕು ಶೋನೆನ್ ಹನಾಕೊ-ಕುನ್’ ಇನ್ನೂ ಓದದೇ ಇರೋರು ಸೀದಾ 3ನೇ ಫೋಟೊಗೆ ಹೋಗಿ.

ಐದಾಇರೊ ಅನ್ನೋ ಒಂದೇ ಹೆಸರಲ್ಲಿ ಇಬ್ಬರು ಸೇರಿ ಮಾಡೋ ಈ ಮಾಂಗಾ 2014ರಿಂದ ಜಪಾನಿನ ಒಂದು ಮಾಸಪತ್ರಿಕೆಯಲ್ಲಿ ಬರ್ತಿದೆ. ಆನಿಮೆ ಬಂದಿದ್ದು 2020ರಲ್ಲಿ. ಕಮೊಮೆ ಅಕಾಡೆಮಿ ಅನ್ನೋ ಶಾಲೆ. ಹಳೇ ಕಟ್ಟಡ, ಮೂರನೇ ಮಹಡಿ, ಹೆಣ್ಮಕ್ಕಳ ಟಾಯ್ಲೆಟ್, ಮೂರನೇ ಬಾಗಿಲು. ಮೂರು ಸಲ ತಟ್ಟಿ ಕರೆದರೆ ಹನಾಕೊ ಅನ್ನೋ ದೆವ್ವ ಬರುತ್ತೆ, ಕೇಳಿದ್ದು ಕೊಡುತ್ತೆ, ಬದಲಿಗೆ ಏನೋ ಒಂದನ್ನ ಕಿತ್ಕೊಳ್ಳುತ್ತೆ. ಯಾಶಿರೊ ನೆನೆ ಅನ್ನೋ ಹುಡುಗಿ ಹೋಗಿ ತಟ್ಟಿದರೆ ಬಂದಿದ್ದು ಹಳೇ ಕಾಲದ ಯೂನಿಫಾರ್ಮ್ ಹಾಕಿದ ಹುಡುಗ.

ಇಲ್ಲಿವರೆಗೂ ಮಾಮೂಲಿ ದೆವ್ವದ ಕಥೆ. ಆದರೆ ಈ ಮಾಂಗಾದಲ್ಲಿ ಒಂದು ನಿಯಮ ಇದೆ. ದೆವ್ವಗಳು ತಮಗಿಷ್ಟ ಬಂದಂಗೆ ಇರೋ ಹಾಗಿಲ್ಲ. ಮಕ್ಕಳು ಅವುಗಳ ಬಗ್ಗೆ ಏನು ಮಾತಾಡ್ಕೊಳ್ತಾರೋ ಹಾಗೇ ನಡಕೋಬೇಕು. ಮಾತು ಕೆಟ್ಟದಾದ್ರೆ ದೆವ್ವವೂ ಕೆಡುತ್ತೆ. ವಸ್ತು ಕದಿಯೋ ‘ಮೊಕ್ಕೆ’ ಅನ್ನೋ ಪುಟ್ಟ ಪ್ರಾಣಿಗಳನ್ನ ನೆನೆ ಮತ್ತೆ ಹನಾಕೊ ಹೊಡೆದು ಸೋಲಿಸೋದಿಲ್ಲ. ‘ಮಿಠಾಯಿ ಇಟ್ಟರೆ ಅವು ಸುಮ್ಮನಿರ್ತವೆ’ ಅಂತ ಹೊಸ ಸುದ್ದಿ ಹಬ್ಬಿಸ್ತಾರೆ. ಅಷ್ಟೇ, ಕೆಲಸ ಆಯ್ತು.

ಇದನ್ನ ಓದ್ತಾ ನನಗೆ ಹೊಳೆದಿದ್ದು ನಮ್ಮ ಕನ್ನಡದ್ದೇ ಒಂದು ಪದ. ನಮ್ಮ ಕಡೆ ದೆವ್ವಕ್ಕೆ ‘ಗಾಳಿ’ ಅಂತಾರೆ. ಗಾಳಿ ಸೋಕಿದೆ, ಗಾಳಿ ಮೆಟ್ಕೊಂಡಿದೆ. ಬುಡ ಇಲ್ಲದ ಸುದ್ದಿಗೂ ನಾವು ಅನ್ನೋದು ಗಾಳಿಸುದ್ದಿ ಅಂತಾನೇ. ಎರಡೂ ಒಂದೇ ಅಂತ ನಮ್ಮ ಅಜ್ಜಿಯರಿಗೆ ಯಾವತ್ತೋ ಗೊತ್ತಿತ್ತೇನೋ.

2/6
ಹನಾಕೊ ಈ ಮಾಂಗಾದವರು ಹುಟ್ಟಿಸಿದ ದೆವ್ವ ಅಲ್ಲ. ‘ಟಾಯ್ಲೆಟ್ಟಿನ ಹನಾಕೊ-ಸಾನ್’ 1980ರ ದಶಕದಲ್ಲಿ ಜಪಾನಿನ ಶಾಲೆಗಳಲ್ಲೆಲ್ಲ ಓಡಾಡ್ತಿದ್ದ ಕಥೆ. ಅದಕ್ಕೂ ಮುಂಚೆ, 1979ರಲ್ಲಿ, ‘ಬಾಯಿ ಸೀಳಿದ ಹೆಂಗಸು’ ಅನ್ನೋ ಸುದ್ದಿ ಹಬ್ಬಿ ಮಕ್ಕಳು ಗುಂಪು ಕಟ್ಕೊಂಡು ಮನೆಗೆ ಹೋಗ್ತಿದ್ರು. ಅವಳಿಂದ ತಪ್ಪಿಸ್ಕೊಳ್ಳೋಕೂ ಉಪಾಯ ಇತ್ತು: ಕೂದಲಿಗೆ ಹಚ್ಚೋ ಪೊಮೇಡ್ ಹೆಸರನ್ನ ಮೂರು ಸಲ ಹೇಳೋದು, ಇಲ್ಲಾ ಮಿಠಾಯಿ ಎಸೆಯೋದು. ತ್ಸುನೆಮಿತ್ಸು ತೋರು ಅನ್ನೋ ಮೇಷ್ಟ್ರು ಮಕ್ಕಳು ಹೇಳೋ ಇಂಥ ಕಥೆಗಳನ್ನ ಬಯ್ಯದೆ ಕೂತು ಕೇಳಿ ಬರ್ಕೊಂಡರು. 1990ರಿಂದ ಅವು ಪುಸ್ತಕಗಳಾಗಿ ಬಂದವು. ಅಂಥ ಮೇಷ್ಟ್ರು ನಮಗೂ ಒಬ್ಬರು ಇದ್ದಿದ್ರೆ!

ಟಾಯ್ಲೆಟ್ಟೇ ಯಾಕೆ? ಶಾಲೆಯಲ್ಲಿ ಒಂದು ಮಗು ಪೂರ್ತಿ ಒಂಟಿಯಾಗಿರೋ ಜಾಗ ಅದೊಂದೇ. ಅಲ್ಲಿ ಟೀಚರ್ ಇಲ್ಲ, ಗೆಳತಿ ಇಲ್ಲ, ಚಿಲಕ ಮಾತ್ರ. ಹಳೇ ಜಪಾನಿನಲ್ಲಿ ಶೌಚದ ಮನೆಗೇ ಒಂದು ದೇವರೂ ಇತ್ತು.

ಚಿಹ್ನೆಗಳನ್ನ ನೋಡಿ. ಶಾಲೆಯ ಏಳು ರಹಸ್ಯಗಳಲ್ಲಿ ಒಂದಾದ ಮೆಟ್ಟಿಲ ಕಥೆಯಲ್ಲಿ ತುಳೀಬಾರದ್ದು ನಾಲ್ಕನೇ ಮೆಟ್ಟಿಲು. ಜಪಾನಿಯಲ್ಲಿ ನಾಲ್ಕಕ್ಕೂ ಸಾವಿಗೂ ‘ಶಿ’ ಅನ್ನೋ ಒಂದೇ ಉಚ್ಚಾರ. ನಾಲ್ಕು ಗಂಟೆಯ ಲೈಬ್ರರಿಯಲ್ಲಿ ಶಾಲೆಯ ಪ್ರತಿಯೊಬ್ಬರ ಹೆಸರಲ್ಲೂ ಒಂದು ಪುಸ್ತಕ. ಬದುಕಿರೋರದ್ದು ಬಿಳಿ, ಸತ್ತೋರದ್ದು ಕಪ್ಪು, ಕೆಂಪು ಮುಟ್ಟಲೇಬಾರದು. ಚಿತ್ರಗುಪ್ತನ ಲೆಕ್ಕದ ಪುಸ್ತಕ ಅಂದ್ಕೊಳ್ಳಿ. ಪ್ರತಿ ರಹಸ್ಯದ ಶಕ್ತಿಯೂ ‘ಯೊರಿಶಿರೊ’ ಅನ್ನೋ ಒಂದು ವಸ್ತುವಿನಲ್ಲಿ ನೆಲೆಸಿರುತ್ತೆ. ಇದು ಶಿಂತೊ ಧರ್ಮದ ಮಾತು: ದೈವ ಬಂದು ಕೂರೋ ಕಲ್ಲು, ಮರ. ಹೊಲದ ಬದುವಲ್ಲಿ ಅರಿಶಿನ ಕುಂಕುಮ ಹಚ್ಚಿದ ಕಲ್ಲು ನೋಡ್ಕೊಂಡು ಬೆಳೆದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹನಾಕೊ ಕೆನ್ನೆ ಮೇಲೆ ಅಂಟಿಸಿರೋ ಚೀಟಿಯೂ ಅಷ್ಟೆ, ನಮ್ಮ ತಾಯತದ ದೂರದ ನೆಂಟ. ಅವನು ಬದುಕಿದ್ದಾಗ ಒಡಹುಟ್ಟಿದ ಅವಳಿಯನ್ನೇ ಕೊಂದವನು. ಆ ಪಾಪ ತೀರಿಸೋಕೆ ಟಾಯ್ಲೆಟ್ಟಿಗೆ ಕಟ್ಟುಬಿದ್ದಿದ್ದಾನೆ.

3/6
ಈಗ ನಮ್ಮ ಕಡೆ ಬನ್ನಿ. ಅಲ್ಲಿ ದೆವ್ವ ಓಗೊಡ್ಲಿ ಅಂತ ನಾವು ಮೂರು ಸಲ ತಟ್ಟಬೇಕು. ಇಲ್ಲಿ ಅಜ್ಜಿ ಹೇಳೋದು ಉಲ್ಟಾ: ‘ರಾತ್ರಿ ಹೊತ್ತು ಯಾರಾದ್ರೂ ಕೂಗಿದ್ರೆ ಮೂರನೇ ಸಲದವರೆಗೂ ಓಗೊಡಬೇಡ ಕಣಪ್ಪ, ಮನುಷ್ಯರಾದ್ರೆ ಮತ್ತೆ ಕೂಗ್ತಾರೆ.’

1990ರ ದಶಕದಲ್ಲಿ ಈ ಭಯಕ್ಕೆ ಅಕ್ಷರ ಬಂತು. ರಾತ್ರಿ ಒಬ್ಬಳು ಬಂದು ಬಾಗಿಲು ತಟ್ಟುತಾಳೆ, ನಿಮ್ಮವರದೇ ದನಿಯಲ್ಲಿ ಕರೀತಾಳೆ, ತೆಗೆದರೆ ಮುಗೀತು. ಬೆಂಗಳೂರಿನಿಂದ ಹಿಡಿದು ರಾಜ್ಯದ ಎಷ್ಟೋ ಊರುಗಳಲ್ಲಿ ಜನ ಸುಣ್ಣ, ಚಾಕ್‌ಪೀಸು, ಇದ್ದಲು, ಕೈಗೆ ಸಿಕ್ಕಿದ್ದರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದರು. ಅವಳು ಓದ್ಕೊಂಡು ವಾಪಸ್ ಹೋಗ್ತಾಳೆ. ಮಾರನೇ ದಿನ ಬಂದರೆ ಮತ್ತೆ ಅದೇ ಬರಹ. 2018ರ ಹಿಂದಿ ಸಿನಿಮಾ ‘ಸ್ತ್ರೀ’ ಅದೇ ಉಪಾಯವನ್ನ ಚಂದೇರಿಗೆ ಕರ್ಕೊಂಡು ಹೋಯ್ತು.

ನನಗೆ ಇದರಲ್ಲಿ ಬಹಳ ಇಷ್ಟ ಆಗೋದು ಆ ದೆವ್ವದ ನಿಯತ್ತು. ಓದು ಬರಹ ಬರುತ್ತೆ, ಬರೆದಿದ್ದನ್ನ ನಂಬುತ್ತೆ, ವಾದ ಮಾಡಲ್ಲ. ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಸಾಲ’ ಬೋರ್ಡು ನೋಡಿ ನಕ್ಕಿರ್ತೀರಲ್ಲ, ಅದೇ ತಂತ್ರ. ಮಲೆ ಮಾದಪ್ಪನ ಕಥೆಯಲ್ಲೂ ಶ್ರವಣಾಸುರನ ಕೊನೆಯಾಗೋದು ಅರಗಿನ ಪಾದರಕ್ಷೆಯಿಂದ. ಬಲಶಾಲಿಯನ್ನ ಬುದ್ಧಿಯಿಂದ ಮಣಿಸೋದು ನಮ್ಮ ಬೆಟ್ಟದ ಹಳೇ ಪಾಠ.

4/6
ಈಗ ಅಸಲಿ ವಿಷಯ. ನಮ್ಮ ಜಿಲ್ಲೆಗೆ ಗಾಳಿಸುದ್ದಿಯ ಕಾಟ ಹೊಸದಲ್ಲ. ಹೊರಗಡೆ ಹೋಗಿ ಕೊಳ್ಳೇಗಾಲದವರು ಅಂದು ನೋಡಿ, ‘ಅಯ್ಯೋ, ಮಾಟ ಮಾಡಿಬಿಟ್ಟೀರಿ’ ಅಂತ ಒಬ್ಬರಾದ್ರೂ ನಗ್ತಾರೆ. ಆದರೆ ಚಾಮರಾಜನಗರಕ್ಕೆ ಅಂಟಿದ್ದು ಇನ್ನೂ ದೊಡ್ಡದು: ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳ್ಕೊಳ್ತಾರೆ.

ಜನ ಎಣಿಸೋ ಪಟ್ಟಿ ಹೀಗಿದೆ. ದೇವರಾಜ ಅರಸು ಬಂದರು, 1980ರಲ್ಲಿ ಹೋದರು. ಗುಂಡೂರಾವ್ ಬಂದರು, 1983ರಲ್ಲಿ ಹೋದರು. ರಾಮಕೃಷ್ಣ ಹೆಗಡೆ 1988, ಎಸ್.ಆರ್. ಬೊಮ್ಮಾಯಿ 1989, ವೀರೇಂದ್ರ ಪಾಟೀಲ್ 1990. ಆಮೇಲೆ ಹದಿನಾರು ಹದಿನೇಳು ವರ್ಷ ಯಾರೂ ಧೈರ್ಯ ಮಾಡಲಿಲ್ಲ. 1997ರಲ್ಲಿ ಮೈಸೂರಿನಿಂದ ಒಡೆದು ಚಾಮರಾಜನಗರ ಜಿಲ್ಲೆ ಮಾಡಿದಾಗ, ಅದನ್ನ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟಿಸಿದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ! ಜಿಲ್ಲೆ ಹುಟ್ಟಿತು, ಜಿಲ್ಲಾ ಕೇಂದ್ರಕ್ಕೆ ಮುಖ್ಯಮಂತ್ರಿ ಬರಲಿಲ್ಲ.

ದೆವ್ವಕ್ಕೆ ಗಡಿ ಇರೋದನ್ನ ಗಮನಿಸಿ. ಶಾಪ ಆ ಊರಿಗೆ ಮಾತ್ರ. ಬೆಟ್ಟಕ್ಕಿಲ್ಲ, ಬಸ್ಸಲ್ಲಿ ಒಂದು ಗಂಟೆ ದೂರದ ನಮ್ಮ ಗುಂಡ್ಲುಪೇಟೆಗಿಲ್ಲ. ಮೊದಲ ಎರಡು ಬಾಗಿಲಲ್ಲಿ ಏನೂ ಇಲ್ಲ, ಮೂರನೇದರಲ್ಲಿ ಮಾತ್ರ ಹನಾಕೊ.

ಇನ್ನೊಂದು ವಿಚಿತ್ರ. ಈ ಊರಿನ ಹಳೇ ಹೆಸರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಜಾಗ ಅಂತ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಇದಕ್ಕೆ ಅವರ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಆಯ್ತು. ಬೇರೆ ಕಡೆ ಆಷಾಢ ಬಂದರೆ ಹೊಸ ಜೋಡಿಗಳನ್ನ ಬೇರೆ ಮಾಡಿ ಕೂರಿಸ್ತಾರೆ. ಇಲ್ಲಿ ಆಷಾಢದ ತೇರಿಗೆ ಹೊಸ ಜೋಡಿಗಳೇ ಬಂದು ಹಣ್ಣು ಜವನ ಎಸೀತಾರೆ. ಅರಸನಿಗೆ ಜನ್ಮ ಕೊಟ್ಟ, ಹೊಸ ಮದುವೆಗೆ ಶುಭ ಅನ್ನಿಸಿಕೊಂಡ ಊರು ಒಂದು ಕುರ್ಚಿಗೆ ಮಾತ್ರ ಅಪಶಕುನ ಆಗಿಬಿಡ್ತು.

5/6
ಲೆಕ್ಕ ಹಾಕೋಣ, ಬನ್ನಿ. ಅರಸು ಅಧಿಕಾರ ಹೋಗಿದ್ದು ಇಂದಿರಾ ಗಾಂಧಿಯವರಿಂದ ದೂರವಾದ ಮೇಲೆ ಶಾಸಕರು ಕೈಬಿಟ್ಟಿದ್ದಕ್ಕೆ. ಹೆಗಡೆ ರಾಜೀನಾಮೆ ಕೊಟ್ಟಿದ್ದು ಫೋನ್ ಕದ್ದಾಲಿಕೆ ಗಲಾಟೆಗೆ. ಬೊಮ್ಮಾಯಿ ಸರ್ಕಾರವನ್ನ ಕೇಂದ್ರ ವಜಾ ಮಾಡಿತು. ಅದರ ಮೇಲೆ ನಡೆದ ಮೊಕದ್ದಮೆಯ 1994ರ ಸುಪ್ರೀಂ ಕೋರ್ಟ್ ತೀರ್ಪನ್ನ ಇವತ್ತಿಗೂ ಕಾನೂನು ಓದೋರು ಓದ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರಣ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೆ.

ನಮ್ಮ ಮನಸ್ಸು ಮುರಿದ ಕೊಂಬೆಯನ್ನ ಮಾತ್ರ ನೆನಪಿಡುತ್ತೆ. ಹಾಗಾಗಿ ನೀವು ಬಂದವರ ಪಟ್ಟಿ ಬಿಟ್ಟು, ಆ ವರ್ಷಗಳಲ್ಲಿ ಊರಿಂದ ದೂರ ಉಳಿದವರನ್ನ ಎಣಿಸಿ. ಬಂಗಾರಪ್ಪ 1992ರಲ್ಲಿ ಇಳಿದರು. ಮೊಯ್ಲಿ 1994. ದೇವೇಗೌಡರು 1996ರಲ್ಲಿ ಪ್ರಧಾನಿಯಾಗಿ ದೆಹಲಿಗೆ ಹೋದರು, ಅದೊಂದು ಬೇರೆ. ಪಟೇಲ್ 1999, ಕೃಷ್ಣ 2004, ಧರ್ಮಸಿಂಗ್ 2006. ಬಾರದೇ ಇದ್ದವರ ಕುರ್ಚಿಯೂ ಉಳಿಯಲಿಲ್ಲ. ಕರ್ನಾಟಕದಲ್ಲಿ ಮುಖ್ಯಮಂತ್ರಿ ಐದು ವರ್ಷ ಪೂರೈಸೋದೇ ಅಪರೂಪ. ಅದಕ್ಕೆ ನಮ್ಮೂರ ಮೇಲೆ ಯಾಕೆ ಅಪವಾದ?

ಮಾಂಗಾದಲ್ಲಿ ಒಂದು ಸುದ್ದಿಯಿಂದ ಕೆಡೋದು ದೆವ್ವ. ಇಲ್ಲಿ ಕೆಟ್ಟಿದ್ದು ಒಂದು ಊರಿನ ಪಾಡು. ಮುಖ್ಯಮಂತ್ರಿ ಬರ್ತಾರೆ ಅಂದ್ರೆ ಏನಾಗುತ್ತೆ ಗೊತ್ತಲ್ಲ: ರಾತ್ರೋರಾತ್ರಿ ರಸ್ತೆಗೆ ಟಾರು ಬೀಳುತ್ತೆ, ಅಧಿಕಾರಿಗಳು ಫೈಲ್ ಹುಡುಕ್ತಾರೆ, ಜನ ಅರ್ಜಿ ಹಿಡ್ಕೊಂಡು ಸಾಲು ನಿಲ್ತಾರೆ. ಅಷ್ಟು ವರ್ಷ ಅದೂ ಇಲ್ಲ. ‘ನಾಳೆ ಬಾ’ ಅಂತ ಬರೆದ ಬಾಗಿಲ ಹೊರಗೆ ನಿಂತಿದ್ದು ನಾವು.

6/6
2007ರಲ್ಲಿ ಕುಮಾರಸ್ವಾಮಿ ಬಂದರು. ಅದೇ ವರ್ಷ ಅಧಿಕಾರ ಹೋಯ್ತು. ಸುದ್ದಿಗೆ ಮತ್ತೆ ಉಸಿರು ಬಂತು. 2013ರಲ್ಲಿ ಜಗದೀಶ ಶೆಟ್ಟರ್ ಬಂದು ಹೋದರು, ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ನೋಡಿದ್ರಾ ಅಂದರು ಜನ.

ಆಮೇಲೆ ಪಕ್ಕದ ಮೈಸೂರು ಜಿಲ್ಲೆಯ ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. ಬಂದರು. ಮತ್ತೆ ಬಂದರು. ಪದೇ ಪದೇ ಬಂದರು. 2018ರವರೆಗೆ ಐದು ವರ್ಷ ಪೂರ್ತಿ ಮುಗಿಸಿದರು, ಅರಸು ನಂತರ ಹಾಗೆ ಮುಗಿಸಿದವರು ಅವರೇ. ಅವರ ರಾಜಕೀಯ ನಿಮಗೆ ಹಿಡಿಸುತ್ತೋ ಬಿಡುತ್ತೋ ಬೇರೆ ಮಾತು. ಇದೊಂದು ವಿಷಯದಲ್ಲಿ ಅವರು ಮಾಡಿದ್ದು ನೆನೆ ಮಾಡಿದ ಕೆಲಸಾನೇ: ಹಳೇ ಸುದ್ದಿ ಜೊತೆ ಜಗಳ ಆಡ್ತಾ ಕೂರದೆ ಹೊಸದೊಂದನ್ನ ಹುಟ್ಟಿಸಿದರು. ‘ಚಾಮರಾಜನಗರಕ್ಕೆ ಬಂದಷ್ಟೂ ಕುರ್ಚಿ ಗಟ್ಟಿ’ ಅಂತ.

ಹಳೇದು ಸತ್ತಿಲ್ಲ. 2022ರ ಡಿಸೆಂಬರ್‌ನಲ್ಲಿ ಬಸವರಾಜ ಬೊಮ್ಮಾಯಿ ಬಂದರು. ಹೌದು, 1989ರ ಬೊಮ್ಮಾಯಿಯವರ ಮಗ. 2023ರ ಮೇನಲ್ಲಿ ಅವರ ಪಕ್ಷ ಸೋತಿತು. ಅದೇ ಚುನಾವಣೆಯಲ್ಲಿ ಗೆದ್ದು ಮತ್ತೆ ಮುಖ್ಯಮಂತ್ರಿಯಾದವರು ಇಲ್ಲಿಗೆ ಎಷ್ಟೋ ಸಲ ಬಂದಿದ್ದ ಸಿದ್ದರಾಮಯ್ಯ. ಈಗ ಎರಡು ಗಾಳಿಸುದ್ದಿ ಒಂದೇ ಊರಲ್ಲಿ ಬಾಡಿಗೆಗಿವೆ.

ಕೊನೇ ಮಾತು. ‘ನಾಳೆ ಬಾ’ ಬರಹ ಇನ್ನೂ ಅಳಿಸದೆ ಉಳಿದಿರೋ ಬಾಗಿಲು ನಿಮ್ಮ ಬೀದಿಯಲ್ಲಿ ಇದ್ದರೆ ಮನೆಯವರನ್ನ ಕೇಳಿ ಒಂದು ಫೋಟೊ ತೆಗೆದು ನನಗೆ ಮೆಸೇಜ್ ಮಾಡಿ. ಬರೆದಿದ್ದು ಯಾರು, ಯಾವುದರಲ್ಲಿ ಬರೆದರು ಅಂತಾನೂ ಕೇಳ್ಕೊಳ್ಳಿ. ಊರ ಹೆಸರು ಸಾಕು, ಮನೆ ನಂಬರ್ ಬೇಡ.