ದೊಡ್ಡಮಳೂರಿನ ನವನೀತವೂ ಶಾಲೆಯ ರಾಗಿಯೂ

ಚನ್ನಪಟ್ಟಣದ ಸನಿಹದ ದೊಡ್ಡಮಳೂರಿನಲ್ಲಿ, ಅಪ್ರಮೇಯಸ್ವಾಮಿಯ ಆಲಯದೊಳಗೆ, ಬೆಣ್ಣೆಯ ಮುದ್ದೆಯನ್ನು ಕರದಲ್ಲಿ ಹಿಡಿದು ಅಂಬೆಗಾಲಿಡುವ ನವನೀತಕೃಷ್ಣನಿಗೆ ಸಂತಾನಾರ್ಥಿಗಳಾದ ದಂಪತಿಗಳು ಬೆಣ್ಣೆಯನ್ನೂ ತೊಟ್ಟಿಲನ್ನೂ ಅರ್ಪಿಸುತ್ತ ಬಂದಿರುವುದನ್ನು ನೆನೆದಾಗ, ಶಿಶುಪೋಷಣೆಯ ಚಿಂತೆ ಈ ಸೀಮೆಯಲ್ಲಿ ಭಕ್ತಿಯೊಡನೆಯೇ ಬೆಳೆದುಬಂದಿತೆಂಬುದು ವೇದ್ಯವಾಗುತ್ತದೆ.

ಆದರೆ ಈ ನೆಲದ ನಿಜವಾದ ಪೋಷಕಧಾನ್ಯ ರಾಗಿ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಯೆದುರು ಜಯವನ್ನು ಕೊಡಿಸಿದ್ದೂ ರಾಗಿಗೇ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಅತ್ಯಲ್ಪ. ಇದನ್ನು ವಿದ್ಯಾರ್ಥಿಗಳಿಗೆ ಬೋಧಿಸಲು ಊಟದ ತಟ್ಟೆಗಿಂತ ಮಿಗಿಲಾದ ಪಾಠಪುಸ್ತಕವಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಆ ತಟ್ಟೆಯನ್ನು ಶಾಲೆಗೆ ತಂದದ್ದು ಮಧ್ಯಾಹ್ನದ ಬಿಸಿಯೂಟದ ಯೋಜನೆ: 2002ರಲ್ಲಿ ಕರ್ನಾಟಕದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದ ಈ ಅಕ್ಷರ ದಾಸೋಹ ಮರುವರ್ಷ ಇತ್ತಲೂ ಹಬ್ಬಿ, ಅದಕ್ಕೆ 2013ರಲ್ಲಿ ಕ್ಷೀರಭಾಗ್ಯದ ಹಾಲೂ, 2024ರಲ್ಲಿ ಆ ಹಾಲಿನೊಡನೆ ರಾಗಿ ಮಾಲ್ಟೂ ಸೇರಿದವು.