ಸೆಲ್ಫ್ ಹೊಡೆಯುವ ಮುಂಚೆ



ಹಿಂದೂಪುರದ ಬೆಲ್ಲದ ಮಂಡಿಯ ಮುಂದಾಗಲಿ, ಕಲ್ಯಾಣದುರ್ಗದ ಬಸ್ ನಿಲ್ದಾಣದ ಹತ್ತಿರವಾಗಲಿ, ಗಾಡಿ ಹೊರಡದೆ ನಿಂತಾಗ ಮೆಕ್ಯಾನಿಕ್ ಮೊದಲು ಕೇಳುವುದು ಒಂದೇ ಮಾತು: "ಸೆಲ್ಫ್ ತಗೋತಾ ಇದೆಯಾ?" ಕನ್ನಡದವರಿಗೂ ಅದು ಸೆಲ್ಫು, ತೆಲುಗಿನವರಿಗೂ ಸೆಲ್ಫು. ಈ ಒಂದು ಮಾತಿಗೆ ನಮ್ಮ ಗಡಿಯಲ್ಲಿ ದುಭಾಷಿ ಬೇಕಿಲ್ಲ. ‘ಸೆಲ್ಫ್ ಸ್ಟಾರ್ಟರ್’ ಎಂಬ ಹೆಸರಿನಲ್ಲಿ ಅರ್ಧ ಉದುರಿಹೋಗಿ ಅರ್ಧ ನಮ್ಮ ಬಾಯಲ್ಲಿ ಉಳಿಯಿತು.

ನಿಮ್ಮಲ್ಲಿ ಹಿರಿಯರಾದವರಿಗೆ ಹ್ಯಾಂಡಲ್ ನೆನಪಿರಬೇಕು. ಲಾರಿಯ ಮೂತಿಗೆ ಕಬ್ಬಿಣದ ಸರಳು ತೂರಿಸಿ ಕ್ಲೀನರ್ ಹುಡುಗ ತಿರುಗಿಸುತ್ತಿದ್ದ. ಹೆಬ್ಬೆರಳನ್ನು ಸರಳಿಗೆ ಸುತ್ತಬಾರದು, ಉಳಿದ ಬೆರಳುಗಳ ಜೊತೆಗೇ ಇಡಬೇಕು. ಅದು ಅವನಿಗೆ ಮೊದಲ ಪಾಠ. ಕಿಡಿ ಹೊತ್ತಿಗೆ ಮುಂಚೆ ಹತ್ತಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಮಣಿಕಟ್ಟು ಮುರಿಯಲು ಆ ಒಂದು ಒದೆ ಸಾಕು.

ಅಮೆರಿಕದಲ್ಲಿಯೂ ಹಾಗೇ. ಕ್ಯಾಡಿಲ್ಯಾಕ್ ಕಂಪನಿಯ ಹೆನ್ರಿ ಲೆಲ್ಯಾಂಡರ ಗೆಳೆಯ ಬೈರನ್ ಕಾರ್ಟರ್ 1908ರಲ್ಲಿ ತೀರಿಕೊಂಡದ್ದು ಹ್ಯಾಂಡಲಿನ ಏಟಿನಿಂದಲೇ ಎಂಬ ಕತೆಯಿದೆ. ಕತೆಯ ವಿವರಗಳನ್ನು ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ಆದರೆ ಹ್ಯಾಂಡಲಿಲ್ಲದ ಕಾರು ಬೇಕೆಂದು ಲೆಲ್ಯಾಂಡ್ ಹಟ ಹಿಡಿದದ್ದು ನಿಜ.

ಆ ಕೆಲಸ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗರ ಪಾಲಿಗೆ ಬಂತು. ಎಂಜಿನ್ನನ್ನು ತಿರುಗಿಸುವ ಮೋಟರು ಎಂಜಿನ್ನಷ್ಟೇ ದೊಡ್ಡದಾಗಬೇಕಲ್ಲ ಎಂದು ಬಲ್ಲವರೇ ನಗುತ್ತಿದ್ದ ಕಾಲ ಅದು. ಕೆಟರಿಂಗ್ ಅದಕ್ಕೆ ಮುಂಚೆ ಅಂಗಡಿಗಳ ಹಣದ ಲೆಕ್ಕದ ಯಂತ್ರಕ್ಕೆ, ಅಂದರೆ ಕ್ಯಾಶ್ ರಿಜಿಸ್ಟರಿಗೆ, ವಿದ್ಯುತ್ ಮೋಟರು ಕೂಡಿಸಿದ್ದವರು. ಒಂದು ಕ್ಷಣ ಮಾತ್ರ ದುಡಿಯುವ ಮೋಟರಿನ ಮೇಲೆ ತನ್ನ ಶಕ್ತಿಗೆ ಮೀರಿದ ಭಾರ ಹೇರಬಹುದು, ಅದು ಸುಡುವುದರೊಳಗೆ ಕೆಲಸ ಮುಗಿದಿರುತ್ತದೆ ಎಂಬುದು ಅವರಿಗೆ ಅಲ್ಲೇ ತಿಳಿದಿತ್ತು. 1911ರಲ್ಲಿ ಯಂತ್ರ ಸಿದ್ಧವಾಯಿತು. 1912ರ ಕ್ಯಾಡಿಲ್ಯಾಕ್ ಕಾರುಗಳಿಗೆ ಅದನ್ನು ಅಳವಡಿಸಿದರು. ಎಬ್ಬಿಸುವಾಗ 24 ವೋಲ್ಟ್, ಆಮೇಲೆ ಅದೇ ಯಂತ್ರ ಡೈನಮೋ ಆಗಿ 6 ವೋಲ್ಟಿನಲ್ಲಿ ಬ್ಯಾಟರಿ ತುಂಬುವುದು. ಜಾಣತನವೆಂದರೆ ಇದು!

ಇನ್ನೊಂದು ತೊಡಕು ಉಳಿದಿತ್ತು. ಮೋಟರಿನ ಹಲ್ಲುಚಕ್ರ ಎಂಜಿನ್ನಿನ ದೊಡ್ಡ ಚಕ್ರಕ್ಕೆ ಕಚ್ಚಬೇಕು, ಎಂಜಿನ್ ಎದ್ದ ಕೂಡಲೇ ಬಿಡಬೇಕು. ಬಿಡದಿದ್ದರೆ ಎಂಜಿನ್ನಿನ ವೇಗಕ್ಕೆ ಮೋಟರು ಚೂರುಚೂರು. ಬೋಲ್ಟಿನ ಮೇಲೆ ನಟ್ಟು ಓಡುವುದನ್ನು ನೋಡಿದ್ದೀರಲ್ಲ, ಹಾಗೆ ಮರೆಯಿರುವ ದಂಡದ ಮೇಲೆ ಹಲ್ಲುಚಕ್ರವನ್ನು ಕೂರಿಸಿದರು. ದಂಡ ಸರ್ರನೆ ತಿರುಗಿದರೆ ಚಕ್ರ ಮುಂದೆ ಜಾರಿ ಕಚ್ಚುತ್ತದೆ. ಎಂಜಿನ್ ಎದ್ದು ಅದರ ವೇಗ ಹೆಚ್ಚಾದರೆ ತಾನೇ ಹಿಂದಕ್ಕೆ ಸರಿಯುತ್ತದೆ. 1914ರಲ್ಲಿ ಶೆವ್ರೊಲೆ ಕಾರಿಗೆ ಬಂದ ಈ ಏರ್ಪಾಡಿಗೆ ವಿನ್ಸೆಂಟ್ ಬೆಂಡಿಕ್ಸರ ಹೆಸರು. "ಬೆಂಡಿಕ್ಸ್ ಹೋಗಿದೆ ಸಾರ್" ಎಂದು ನಿಮ್ಮ ಮೆಕ್ಯಾನಿಕ್ ಹೇಳಿದರೆ ಅದು ಒಬ್ಬ ಮನುಷ್ಯನ ಹೆಸರೆಂದು ನೆನೆಯಿರಿ.

ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟಿಗೆ ಸೆಲ್ಫ್ ಬಂದದ್ದು 1919ರಲ್ಲಿ. ಬಡವರ ಕಾರೆನಿಸಿದ ಫೋರ್ಡ್ ಟಿ ಮಾದರಿಗೂ ಅದೇ ವರ್ಷ. ನಮ್ಮ ಕ್ಲೀನರ್ ಹುಡುಗರ ಮಣಿಕಟ್ಟಿಗೆ ಮಾತ್ರ ಬಿಡುಗಡೆ ಬಹಳ ತಡವಾಯಿತು. ಬ್ಯಾಟರಿ ಇಳಿದರೆ ಬೇಕಾದೀತೆಂದು ಅಂಬಾಸಿಡರ್ ಕಾರಿನಲ್ಲೂ ಹ್ಯಾಂಡಲ್ ತೂರಿಸುವ ತೂತು ಇತ್ತು.

2019ರಿಂದ ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ ಕಿಯಾ ಕಾರುಗಳು ತಯಾರಾಗುತ್ತಿವೆ. ಅವುಗಳ ಮೂತಿಯಲ್ಲಿ ಆ ತೂತನ್ನು ಹುಡುಕಬೇಡಿ.